ಕರುವಿನ ಕೊರಳ ಲಿಂಗ

ಬೆಳಿಗ್ಗೆ ಮೊಮ್ಮಗಳನ್ನು ಗದರಿಸಿಬಿಟ್ಟೆ. ಏಳು ವರ್ಷದ ಹುಡುಗಿ, ಪೂಜೆಗೆ ಕೂರಿಸಿದರೆ ಇರುವೆ ಹತ್ತಿದ ಹಾಗೆ ಮಿಸುಕಾಡುತ್ತಾಳೆ. "ಸುಮ್ನ ಕುಂದ್ರಾಕ ಆಗೂದಿಲ್ಲೇನ ನಿನಗ?" ಅಂದೆ. ಮೂತಿ ಉಬ್ಬಿಸಿಕೊಂಡು ಎದ್ದುಹೋದಳು. ಕೈಯಲ್ಲಿದ್ದ ಒದ್ದೆ ವಿಭೂತಿ ಅದೇಕೋ ಸಗಣಿಯಂತೆ ವಾಸನೆ ಹೊಡೆಯಿತು. ಸಂಗೊಳ್ಳಿಯ ನಮ್ಮ ಕೊಟ್ಟಿಗೆ ನೆನಪಾಗಿ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಈ ವಿಷಯದಲ್ಲಿ ನಾನು ಬುದ್ಧಿ ಹೇಳಬೇಕೇ, ನೀವೇ ಹೇಳಿ!

ಪ್ಲೇಗಿಗೆ ಊರು ಬಿಟ್ಟು ಮರಳಿ ಬಂದ ವರ್ಷ. ಆಗ ನನಗೂ ಏಳೇ. ಒಂದೇ ವಾರದಲ್ಲಿ ಅವ್ವ ತಮ್ಮನನ್ನು ಹೆತ್ತಳು, ನಮ್ಮ ಆಕಳು ಕರು ಹಾಕಿತು. ಮಠದ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿದರು, ಉಂಡರು, ಹೊರಟೇಬಿಟ್ಟರು. ಕೊಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಕರುವೋ ಮೊಲೆ ಹಿಡಿಯದೆ ಬಿದ್ದಿತ್ತು. ಪಾಪ, ಇದಕ್ಕೆ ಯಾರೂ ಇಲ್ಲವಲ್ಲ ಅಂತ ನನ್ನ ಕೊರಳಿನ ಲಿಂಗವನ್ನೇ ವಸ್ತ್ರದ ಸಮೇತ ಬಿಚ್ಚಿ ಅದಕ್ಕೆ ಕಟ್ಟಿದೆ. ಗಂಟು ಹಾಕುವುದರಲ್ಲಿ ನನ್ನ ಜಾಣತನ ಅಷ್ಟಕ್ಕಷ್ಟೇ.

ಉಣ್ಣಲು ಕೂತಾಗ ಅಪ್ಪನ ಕಣ್ಣು ನನ್ನ ಬರಿಗೊರಳ ಮೇಲೆ ಬಿತ್ತು. ಓಡಿಹೋಗಿ ನೋಡಿದರೆ ಕರುವಿನ ಕೊರಳೂ ಬರಿದು! ಮೈಮೇಲೆ ಲಿಂಗವಿಲ್ಲದೆ ನಮ್ಮಲ್ಲಿ ಒಂದು ತುತ್ತೂ ಇಳಿಸುವಂತಿಲ್ಲ.

"ಮಠಕ್ಕ ಕರಕೊಂಡ ಹೋಗತೇನಿ. ಅಯ್ಯಾರು ಏನ ಶಿಕ್ಷಾ ಕೊಡತಾರ, ಕೊಡ್ಲಿ" ಎಂದು ಅಪ್ಪ ತಲೆಗೆ ರುಮಾಲು ಸುತ್ತತೊಡಗಿದ.

ಆಯಿ, ಅಂದರೆ ಅಪ್ಪನ ತಾಯಿ, ತಾಟು ಸರಿಸಿ ಎದ್ದಳು. "ಕಳದದ್ದು ಕೊಟ್ಟಿಗ್ಯಾಗ. ಮಠದಾಗ ಏನ ಹುಡುಕತಿ? ಬಾ ನನ್ನವ್ವಾ, ಸಿಗೂತನಕ ನಾನೂ ಉಣ್ಣೂದಿಲ್ಲ."

ದನಕ್ಕೆ ಮೇವು ಹಾಕುವ ಗೋದಲಿ, ಬಣವೆ, ಬಾವಿಕಟ್ಟೆ, ಮತ್ತೆ ಗೋದಲಿ. ನಾನು ಒಂದು ಕಡೆ ನಿಲ್ಲಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು, ನನ್ನಿಂದಾಗಿ ಆಯಿಯೂ ಹಸಿದಿದ್ದಾಳೆ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು. ನಿಲ್ಲು ಅಂತ ಆಕೆ ಒಮ್ಮೆಯೂ ಅನ್ನಲಿಲ್ಲ. "ಓಡ್ಯಾಡಕೋತನ ಕರಿ ದೇವರನ್ನ. ಕುಂತವರ ದನಿ ಅಷ್ಟ ಕೇಳತೈತೇನ ಅವಂಗ?" ಅಂದಳು. ಅಳುತ್ತ, ಎಡವುತ್ತ, ಬಾಯಿಗೆ ಬಂದ ಹಾಗೆ ಕರೆದೆ. ಅಂಥ ಪೂಜೆ ಆಮೇಲೆ ನನ್ನಿಂದ ಆಗಿಲ್ಲ.

ಸಂಜೆಯ ಹೊತ್ತಿಗೆ ಸಗಣಿಯ ಬುಟ್ಟಿಯಲ್ಲಿ ಮೊಣಕೈತನಕ ಕೈ ಹಾಕಿದ್ದ ಆಯಿ ತಟ್ಟನೆ ನಿಂತಳು. ಸಿಕ್ಕಿತ್ತು. ತೊಳೆದು ನನ್ನ ಎಡಗೈಯ ಮೇಲಿಟ್ಟಳು.

"ಏನ ಬೇಡಕೊಂಡಿ?"

"ಕರು ಬದುಕಲಿ ಅಂತ." ನನ್ನ ತಪ್ಪನ್ನು ನಾನು ಮರೆತೇಬಿಟ್ಟಿದ್ದೆ.

ಆಯಿ, ರುಮಾಲು ಸುತ್ತಿಕೊಂಡೇ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು. "ಕೇಳಿದಿಲ್ಲೋ? ರುಮಾಲ ಬಿಚ್ಚಿಡು."

ಮೂರನೆಯ ದಿನ ಕರು ಸತ್ತಿತು. "ಅಂವ ಕೇಳಲೇ ಇಲ್ಲ!" ಎಂದು ನಾನು ರಚ್ಚೆ ಹಿಡಿದೆ. ಆಯಿ ನನ್ನ ಕೈ ಹಿಡಿದುಕೊಂಡು ಹೊಲದ ತುಂಬ ತಿರುಗಾಡಿದಳು, ನನ್ನ ಕಾಲು ಸೋಲುವತನಕ.

ಇವತ್ತು ಆ ನೆನಪಿನಲ್ಲೇ ವಿಭೂತಿ ಕೆಳಗಿಟ್ಟು ಹೊರಗೆ ಬಂದೆ. ಮೊಮ್ಮಗಳು ಅಂಗಳದಲ್ಲಿ ಒಂಟಿಕಾಲಲ್ಲಿ ಕುಂಟುತ್ತಿದ್ದಳು.

"ಪೂಜಿ ಮುಗೀತೇನ ಆಯಿ?"

"ಇಲ್ಲವ್ವಾ. ನಡಿ, ಹೊಲಕ್ಕ ಹೋಗಿ ಅಡ್ಡಾಡಕೋತ ಮಾಡೂಣು."

ಅವಳು ಮುಂದೆ ಮುಂದೆ ಓಡಿದಳು. ಬದುವಿನ ಮೇಲೆ ನಿಂತು ತಿರುಗಿ ಕೇಳಿದಳು: "ದೇವರು ಎಲ್ಲಿ ಅದಾನ?"

ಪೂಜೆಗೆ ಕೂತಾಗ ಕೇಳಿದ್ದರೆ ಥಟ್ಟನೆ ಉತ್ತರ ಹೇಳುತ್ತಿದ್ದೆ.

"ನಾನೂ ಹುಡುಕಾಕ ಹತ್ತೇನಿ" ಅಂದೆ. "ನಿನಗ ಮೊದಲ ಸಿಕ್ಕರ ನನ್ನ ಕರಿ."