ಮೊದಲ ಆಟದಲ್ಲಿದ್ದ ಗಂಟೆ

ಶ್ರವಣಯಂತ್ರ ಮಾರುವ ಆ ಸಣ್ಣ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ಗಿರಾಕಿಯ ಕಿವಿಯೊಳಗೆ ತಿಳಿಗುಲಾಬಿ ಬಣ್ಣದ ಮೆತ್ತನೆಯ ಹಿಟ್ಟು ತುಂಬಿ, ಅದು ಗಟ್ಟಿಯಾಗುವವರೆಗೆ ಕಾದು, ಮೆಲ್ಲಗೆ ತಿರುಗಿಸಿ ಎಳೆದರೆ ಕಿವಿಯ ಒಳದಾರಿಯೆಲ್ಲ ಅಚ್ಚಾಗಿ ಅಂಗೈಗೆ ಬರುತ್ತಿತ್ತು. ಆ ಅಚ್ಚಿನ ಅಳತೆಗೇ ಯಂತ್ರದ ತುದಿ ತಯಾರಾಗಬೇಕು. ಹಾಗಾಗಿ ಅಂಗಡಿಯವರಿಗೆಲ್ಲ ಅವಳು ಅಚ್ಚಿನಕ್ಕ. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ನಿಜವಾದ ಹೆಸರು ಹಿಡಿದು ಯಾರಾದರೂ ಕರೆದರೆ ಬೇರೆ ಯಾರನ್ನೋ ಕರೆದರೇನೋ ಎಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು.

ಹಿಟ್ಟು ಗಟ್ಟಿಯಾಗುವ ಆ ಹೊತ್ತು ಅವಳಿಗೆ ಇಷ್ಟ. ದವಡೆ ಅಲ್ಲಾಡಿದರೆ ಅಚ್ಚು ಕೆಡುತ್ತದೆ, ಗಿರಾಕಿ ಬಾಯಿ ಬಿಡುವಂತಿಲ್ಲ. ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದೊಂದೇ. ಆಗೆಲ್ಲ ಅವಳ ಮನಸ್ಸು ತನ್ನ ಪಾಡಿಗೆ ತಾನು ಎದ್ದು, ದೊಡ್ಡಮ್ಮನ ಮನೆಯ ಮಹಡಿ ಮೆಟ್ಟಿಲು ಹತ್ತುತ್ತಿತ್ತು.

ಅಮ್ಮ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ವರ್ಷ ಅವಳನ್ನು ದೊಡ್ಡಮ್ಮನ ಮನೆಗೆ ಕಳಿಸಿದ್ದರು. ದೊಡ್ಡಪ್ಪನಿಗೆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮಕ್ಕಳಿಲ್ಲದ ಮನೆ. ದೊಡ್ಡಮ್ಮ ದಿನವಿಡೀ ಕಿಟಕಿಯ ಪರದೆ ಹೊಲಿಯುವಳು. ನೀಲಿ ಪರದೆ ಹೊಲಿಯುವ ದಿನ ಕೋಣೆಯೆಲ್ಲ ನೀಲಿ, ಹಳದಿಯ ದಿನ ಹಳದಿ. ಮಾತು ಕಮ್ಮಿ. ಯಾರು ಏನು ಹೇಳಿದರೂ ಅವರ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡುವಳು. ಆ ನೋಟಕ್ಕೆ ಸಾಲ ಕೇಳಲು ಬಂದವರೂ ಹಾಗೇ ವಾಪಸು ಹೋಗುತ್ತಿದ್ದರಂತೆ.

ದೊಡ್ಡಪ್ಪ ಜಪಾನಿನಿಂದ ಒಂದು ಆಟದ ಯಂತ್ರ ತಂದಿದ್ದ. ಟಿ.ವಿ.ಗೆ ಸಿಕ್ಕಿಸುವಂಥದ್ದು. ಜೊತೆಗೆ ಹಳದಿ ಬಣ್ಣದ ಒಂದೇ ಒಂದು ಡಿಸ್ಕು. ಅರ್ಧ ಆಟ ಆದಮೇಲೆ ಅದನ್ನು ಹೊರಗೆ ತೆಗೆದು ದೋಸೆಯ ಹಾಗೆ ಮಗುಚಿ ಹಾಕಬೇಕು. ಪುಟ್ಟ ಕತ್ತಿ ಹಿಡಿದ ಒಬ್ಬ ಹುಡುಗ ಕಾಡು, ಹೊಳೆ, ಗುಹೆ ಸುತ್ತುತ್ತಾ ಕಳೆದುಹೋದ ಏನನ್ನೋ ಹುಡುಕುವ ಸಾಹಸದ ಆಟ. ಏನನ್ನು ಹುಡುಕುತ್ತಿದ್ದಾನೆಂದು ಇಬ್ಬರಿಗೂ ತಿಳಿಯದು, ಬರಹವೆಲ್ಲ ಜಪಾನಿಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಹೊಲಿಗೆಯನ್ನು ಬದಿಗಿಟ್ಟು ದೊಡ್ಡಮ್ಮ ಮಂಡಿ ಮಡಚಿ ಕೂತಳೆಂದರೆ ಸಂಜೆಯ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ.

ಆ ಆಟದಲ್ಲಿ ಒಂದು ಗಂಟೆಯಿತ್ತು. ಗುಹೆಯಲ್ಲಿ ಸರಿಯಾದ ಕಲ್ಲನ್ನು ಹೊಡೆದರೆ ಬೇರೆಲ್ಲೋ, ಕಣ್ಣಿಗೆ ಕಾಣದ ಇನ್ನೊಂದು ಕೋಣೆಯಲ್ಲಿ, ಬಾಗಿಲು ತೆರೆಯುತ್ತಿತ್ತು. ತೆರೆದದ್ದಕ್ಕೆ ಗುರುತೆಂದರೆ ಆ ಸದ್ದೊಂದೇ. ನೀರಿನ ತಳದಲ್ಲಿ ಯಾರೋ ಸಣ್ಣ ಗಂಟೆಯನ್ನು ಬೆರಳಿಂದ ತಟ್ಟಿದ ಹಾಗೆ, ತೆಳ್ಳಗೆ, ತಣ್ಣಗೆ. ಇನ್ನೊಂದು ಗುಹೆಯಲ್ಲಿ ಕತ್ತಿಗೆ ಬಗ್ಗದ ಉದ್ದಕಿವಿಯ ಪ್ರಾಣಿಯೊಂದಿತ್ತು. ಎರಡನೇ ಕಂಟ್ರೋಲರಿನಲ್ಲಿದ್ದ ಪುಟ್ಟ ಮೈಕಿಗೆ ಕೂಗಿದರೆ ಮಾತ್ರ ಅದು ಬಿದ್ದು ಸಾಯುವುದು. ದೊಡ್ಡಮ್ಮ ಮೈಕಿಗೆ ಬಾಯಿಟ್ಟು "ನಡಿಯೋ ಆಚೆ!" ಎಂದು ಕೂಗಿದರೆ, ಕೆಳಗಿನ ಮನೆಯ ಮುದುಕಪ್ಪ ತನಗೇ ಬೈದರೆಂದು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೊರಟುಬಿಡುತ್ತಿದ್ದ.

ಅಮ್ಮ ಗುಣವಾಗಿ ಬಂದಳು, ಇವಳು ಮನೆಗೆ ಮರಳಿದಳು. ದೊಡ್ಡಪ್ಪ ದೂರದ ಬಂದರಿಗೆ ಸಂಸಾರ ಎತ್ತಿದ, ಯಂತ್ರ ಸಾಮಾನಿನ ನಡುವೆ ಎಲ್ಲೋ ಹೋಯಿತು. ಅಲ್ಲಿಂದಾಚೆಗೆ ಆ ಗಂಟೆ ಅವಳೊಬ್ಬಳ ತಲೆಯೊಳಗೇ ಉಳಿಯಿತು.

ಮದುವೆಯಾದ ಹೊಸತರಲ್ಲಿ ಗಂಡನಿಗೆ ಇದನ್ನೆಲ್ಲ ಹೇಳಿದ್ದಳು. ಅವನು ಬಸ್ ಕಂಡಕ್ಟರ್, ಹೇಳಿದ್ದನ್ನು ಮರೆಯುವ ಆಸಾಮಿಯಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಸಂಜೆ ಹಳೆಯ ಯಂತ್ರವೊಂದನ್ನು ಚೀಲದಲ್ಲಿ ಹೊತ್ತು ತಂದ.

"ನಮ್ಮ ರೂಟಿನಲ್ಲೇ ಹಳೇ ಆಟ ಮಾರೋ ಅಂಗಡಿ ಇದೆ ಕಣೇ. ಅದೇ ಆಟ, ಅದೇ ಕತ್ತಿ ಹುಡುಗ. ಜಪಾನಿದೇ. ನೋಡು!"

ಡಿಸ್ಕಿರಲಿಲ್ಲ, ಅಂಗೈಯಗಲದ ಕ್ಯಾಸೆಟ್ ಇತ್ತು. ಸಿಕ್ಕಿಸಿದಳು. ಅದೇ ಕಾಡು, ಅದೇ ಹೊಳೆ. ಗುಹೆಗೆ ಹೋಗಿ ಸರಿಯಾದ ಕಲ್ಲು ಹೊಡೆದಳು. 'ಡಬ್' ಎಂದಿತು, ಅಕ್ಕಿಮೂಟೆ ಬಿದ್ದ ಹಾಗೆ. ಮತ್ತೆ ಹೊಡೆದಳು. ಮತ್ತೆ ಡಬ್. ಉದ್ದಕಿವಿಯ ಪ್ರಾಣಿಗೆ ಕೂಗೋಣವೆಂದರೆ ಕಂಟ್ರೋಲರಿನಲ್ಲಿ ಮೈಕೇ ಇಲ್ಲ. ಸುಮ್ಮನೆ ಒಂದು ಬಾಣ ಬಿಟ್ಟಳು, ಸತ್ತೇ ಹೋಯಿತು.

"ಗಂಟೆ ಇತ್ತು ರೀ," ಎಂದಳು.

"ಇತ್ತೇನೋ ಬಿಡು."

ಆ 'ಏನೋ' ಅವಳಿಗೆ ಚುಚ್ಚಿತು. ಅಮ್ಮನನ್ನು ಕೇಳಿದರೆ, "ಆ ವರ್ಷ ನಿನಗೂ ಜ್ವರ ಬಂದು ಬಂದು ಹೋಗ್ತಿತ್ತು, ಕನಸು ಕಂಡಿರ್ತೀಯ," ಎಂದಳು. ದೊಡ್ಡಮ್ಮನಿಗೆ ಫೋನ್ ಮಾಡಿದಳು.

"ದೊಡ್ಡಮ್ಮ, ಆಟದಲ್ಲಿ ಗಂಟೆ ಹೊಡೀತಿತ್ತಲ್ವಾ?"

"ಹೂಂ ಗುಬ್ಬಿ, ಈಗ್ತಾನೇ ಊಟ ಆಯ್ತು. ನಿಂದು?"

ಕೊನೆಗೆ ಅವಳೂ ಒಪ್ಪಿಕೊಂಡುಬಿಟ್ಟಳು: ಕನಸೇ ಇರಬೇಕು. ನೀಲಿ ಪರದೆ, ಆ ಮಧ್ಯಾಹ್ನಗಳು, ಎಲ್ಲವೂ ಅರ್ಧ ಕನಸಿನ ಹಾಗೇ ಇದ್ದವಲ್ಲ. ಆದರೂ ಗಿರಾಕಿಯ ಕಿವಿಯ ಅಚ್ಚನ್ನು ಬೆಳಕಿಗೆ ಹಿಡಿದು ಅಂಚು ಉಜ್ಜುವಾಗ, ಒಳಗೆಲ್ಲೋ ಬಾಗಿಲು ತೆರೆದಂತಾಗಿ ಅವಳ ಕೈ ನಿಲ್ಲುತ್ತಿತ್ತು.

ದೊಡ್ಡಪ್ಪ ನಿವೃತ್ತನಾದ ಮೇಲೆ ಇಬ್ಬರೂ ಇದೇ ಊರಿಗೆ, ಇವಳ ಮನೆಯ ಹಿಂದಿನ ಬೀದಿಗೇ ಬಂದರು. ಬಂದ ವಾರವೇ ದೊಡ್ಡಪ್ಪ ಹೆಂಡತಿಯ ಕೈಹಿಡಿದು ಅಂಗಡಿಗೆ ಕರೆತಂದ. "ಇವಳಿಗೆ ನಾನು ಅನ್ನ ಅಂದ್ರೆ ಚೆನ್ನ ಅಂತಾಳೆ. ಏನಾದ್ರೂ ಮಾಡಮ್ಮಾ."

ಒಳಗೆ ಪರೀಕ್ಷೆ ಮಾಡಿದ ಡಾಕ್ಟರಮ್ಮ ಅಚ್ಚಿನಕ್ಕನನ್ನು ಕರೆದು ಮೆಲ್ಲಗೆ ಹೇಳಿದರು: "ನಿಮ್ಮ ದೊಡ್ಡಮ್ಮಂದು ವಯಸ್ಸಿನ ಕಿವುಡಲ್ಲ. ತೆಳು ಸದ್ದು ಚಿಕ್ಕಂದಿನಿಂದಲೇ ಕೇಳಿಸಿಲ್ಲ ಅಂತ ಕಾಣುತ್ತೆ. ಈಗ ದಪ್ಪ ಸದ್ದೂ ಕಮ್ಮಿಯಾಗಿದೆ, ಅಷ್ಟೆ."

ಅಚ್ಚಿನಕ್ಕ ಹಿಟ್ಟು ಕಲಸಿದಳು. ದೊಡ್ಡಮ್ಮನ ಕಿವಿಯಲ್ಲಿ ಅದು ಗಟ್ಟಿಯಾಗುವಷ್ಟು ಹೊತ್ತೂ ಇಬ್ಬರೂ ಮುಖ ಮುಖ ನೋಡುತ್ತ ಕೂತರು.

ಅದೇ ದಿನಗಳಲ್ಲಿ ಕಂಡಕ್ಟರ್ ಗಂಡ ಒಂದು ಮಧ್ಯಾಹ್ನ ಪಾಳಿ ಮುಗಿಸಿ ನೇರ ಅವಳ ಅಂಗಡಿಗೇ ಓಡಿಬಂದ. ಟಿಕೆಟ್ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಏ, ಆ ಆಟ ಜಪಾನಿನಲ್ಲೇ ಎರಡು ಸಲ ಬಂದಿತ್ತಂತೆ! ಮೊದಲು ಡಿಸ್ಕಿನಲ್ಲಿ, ಎಷ್ಟೋ ವರ್ಷ ಆದ್ಮೇಲೆ ಕ್ಯಾಸೆಟ್ಟಿನಲ್ಲಿ. ಡಿಸ್ಕಿನ ಯಂತ್ರಕ್ಕೆ ಒಂದು ದನಿ ಜಾಸ್ತಿ ಇತ್ತಂತೆ. ಕ್ಯಾಸೆಟ್ ಮಾಡುವಾಗ ಆ ದನಿ ಬಿಟ್ಟುಹೋಯ್ತು, ಅದರ ಜೊತೆ ನಿನ್ನ ಗಂಟೇನೂ. ಹೊಸ ಕಂಟ್ರೋಲರಿಗೆ ಮೈಕ್ ಇಲ್ಲ ಅಂತ ಆ ಪ್ರಾಣಿಗೂ ಬಾಣದ ಸಾವು ಬರೆದ್ರಂತೆ. ಆ ಆಟದಂಗಡಿಯವನ ಹತ್ರ ಹಳೇದು ಇದೆ. ಮಾರೋದಿಲ್ಲ, ಬಂದು ನೋಡಿ ಅಂದ."

ಅವಳು ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ದೊಡ್ಡಮ್ಮನ ಕಿವಿಗೆ ಹೊಸ ಯಂತ್ರ ಕೂತ ಮೇಲೆ ಗಂಡ ಹೆಂಡತಿ ಅವಳನ್ನೂ ಕರೆದುಕೊಂಡು ಹೋದರು. ಹಳೆಯ ಆಟಗಳ ಆ ಅಂಗಡಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲಿಳಿದರೆ ಬೀದಿಯ ಗದ್ದಲ ತಲೆಯ ಮೇಲೆಯೇ ಉಳಿದು, ತಂಪು, ಅರೆಗತ್ತಲು, ಹತ್ತಾರು ಪುಟ್ಟ ಪರದೆಗಳ ಬೆಳಕು. ದಪ್ಪ ಕನ್ನಡಕದ ಅಂಗಡಿಯವನು ಹಳದಿ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ತಂದು ಒಳಗೆ ತಳ್ಳಿದ. ಯಂತ್ರ ಗೊರಗುಟ್ಟಿತು. ಕಾಡು ಮೂಡಿತು.

ದೊಡ್ಡಮ್ಮ ಹುಡುಗನನ್ನು ಗುಹೆಯೊಳಗೆ ನಡೆಸಿದಳು. ಬೆರಳುಗಳು ದಾರಿ ಮರೆತಿರಲಿಲ್ಲ. ಕಲ್ಲಿನ ಮುಂದೆ ನಿಂತು, ಹೊಡೆದಳು.

ಗಂಟೆ ಹೊಡೆಯಿತು. ತೆಳ್ಳಗೆ, ತಣ್ಣಗೆ, ನೀರಿನ ತಳದಿಂದ ಬಂದ ಹಾಗೆ.

ಅಚ್ಚಿನಕ್ಕನ ಮೈ ಜುಮ್ಮೆಂದಿತು. ಆದರೆ ದೊಡ್ಡಮ್ಮ ಕಂಟ್ರೋಲರ್ ಕೆಳಗೆ ಬಿಟ್ಟು ಬೆಚ್ಚಿ ಹಿಂದೆ ನೋಡಿದಳು.

"ಯಾರದು? ಏನದು ಸದ್ದು?"

"ಅದೇ ದೊಡ್ಡಮ್ಮ, ಬಾಗಿಲಿನ ಗಂಟೆ! ಆಗೆಲ್ಲ ಎಷ್ಟು ಸಲ ಕೇಳಿದ್ವಿ ನಾವು!"

"ನಾನೆಲ್ಲಿ ಕೇಳಿದ್ದೆ ಗುಬ್ಬಿ?" ದೊಡ್ಡಮ್ಮ ಅವಳ ಮುಖವನ್ನೇ ನೋಡಿದಳು. "ನನಗೆ ಇದು ಇತ್ತು ಅಂತಲೇ ಗೊತ್ತಿಲ್ಲ. ನೀನು ಪಕ್ಕದಲ್ಲಿ ಕೂತಿರ್ತಿದ್ದೆ. ಕಲ್ಲು ಹೊಡೆದಾಗ ನಿನ್ನ ಹುಬ್ಬು ಮೇಲೆ ಹೋಗೋದು, ಬಾಯಿ ತೆರೆಯೋದು. ಆಗ ಬಾಗಿಲು ತೆಗೀತು ಅಂತ ತಿಳ್ಕೊಳ್ತಿದ್ದೆ. ನೀನು ಹೋದ ಮೇಲೆ ನನಗೆ ಒಂದು ಬಾಗಿಲೂ ಸಿಗಲಿಲ್ಲ. ಆಟ ಮೂಲೆಗೆ ಬಿತ್ತು."

ಅಂಗಡಿಯವನು ಕನ್ನಡಕ ತೆಗೆದು ಒರೆಸತೊಡಗಿದ. ಅಚ್ಚಿನಕ್ಕ ದೊಡ್ಡಮ್ಮನ ಒರಟು ಬೆರಳುಗಳನ್ನು ಹಿಡಿದುಕೊಂಡು ಕೂತಳು. ತಾನು ಕಳೆದುಕೊಂಡೆನೆಂದು ಇಷ್ಟು ವರ್ಷ ಹುಡುಕಿದ್ದು ದೊಡ್ಡಮ್ಮನಿಗೆ ಎಂದೂ ಸಿಕ್ಕೇ ಇರಲಿಲ್ಲ. ಸಿಕ್ಕದೆಯೂ ಆಕೆ ದಿನಾ ಮಧ್ಯಾಹ್ನ ಹೊಲಿಗೆ ಬಿಟ್ಟು ಪಕ್ಕದಲ್ಲಿ ಕೂತಿದ್ದಳು.

"ಇನ್ನೊಂದ್ಸಲ ಹೊಡಿ," ಎಂದಳು ದೊಡ್ಡಮ್ಮ. "ಚೆನ್ನಾಗಿದೆ."

ಹೊಡೆದರು. ಮತ್ತೆ ಹೊಡೆದರು. ಉದ್ದಕಿವಿಯ ಪ್ರಾಣಿ ಎದುರಾದಾಗ ದೊಡ್ಡಮ್ಮ ಮೈಕಿಗೆ ಕೂಗಿದಳು, ತನ್ನ ದನಿಯ ಜೋರಿಗೆ ತಾನೇ ಬೆದರಿ ಕಿವಿ ಮುಚ್ಚಿಕೊಂಡಳು. "ಅಯ್ಯೋ, ಇಷ್ಟು ಕೆಟ್ಟದಾಗಿ ಕೂಗ್ತಿದ್ನಾ? ಆ ಮುದುಕಪ್ಪನ ತಪ್ಪಿಲ್ಲ ಬಿಡು."

ಇಷ್ಟಾದ ಮೇಲೆ ದೊಡ್ಡಮ್ಮ ಆ ಹಳೆಯ ಡಿಸ್ಕಿಗೇ ಜೋತುಬೀಳುತ್ತಾಳೆಂದು ಅಚ್ಚಿನಕ್ಕ ಎಣಿಸಿದ್ದಳು. ಎಣಿಕೆ ತಪ್ಪಿತು. ದೊಡ್ಡಮ್ಮನಿಗೆ ಇವಳ ಮನೆಯ ಕ್ಯಾಸೆಟ್ಟೇ ಹಿಡಿಸಿತು. ಮಗುಚಿ ಹಾಕುವ ಗೋಜಿಲ್ಲ, ಆ 'ಡಬ್' ಎನ್ನುವುದು ಶ್ರವಣಯಂತ್ರವಿಲ್ಲದೆಯೂ ಕಿವಿಗೆ ಬೀಳುತ್ತದೆ. ರಜೆಯ ಮಧ್ಯಾಹ್ನಗಳಲ್ಲಿ ಹಿಂದಿನ ಬೀದಿಯಿಂದ ನಿಧಾನಕ್ಕೆ ನಡೆದು ಬರುವಳು. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತಿದ್ದಂತೆ ಅದರ ಜೊತೆಗೇ ಸರಿದು ಸರಿದು ಕೂರುವಳು. ಹೊಳೆ ದಾಟಿಸುವ ದೋಣಿಯವನು ಡಿಸ್ಕಿನಲ್ಲಿ ಒಂದೇ ಸಾಲು ಹೇಳಿ ಸುಮ್ಮನಾಗುತ್ತಿದ್ದ; ಕ್ಯಾಸೆಟ್ಟಿನಲ್ಲಿ ಪರದೆ ತುಂಬ ಮಾತಾಡುತ್ತಾನೆ. ಆಟ ಕಷ್ಟವೆಂದು ಜನ ದೂರಿದ್ದಕ್ಕೆ ಆಮೇಲೆ ಸೂಚನೆಗಳನ್ನು ಸೇರಿಸಿದರೆಂದು ಅಂಗಡಿಯವನು ಹೇಳಿದ್ದ. ದೊಡ್ಡಮ್ಮ ಅದನ್ನು ಒಪ್ಪಲಿಲ್ಲ.

"ಇವನಿಗೂ ವಯಸ್ಸಾಯ್ತು ಗುಬ್ಬಿ. ವಯಸ್ಸಾದ ಮೇಲೆ ಮಾತು ಜಾಸ್ತಿ."

"ಏನ್ ಹೇಳ್ತಾನಂತೆ ಅಳಿಯಂದ್ರೇ?" ಎಂದು ಒಮ್ಮೆ ಕಂಡಕ್ಟರನನ್ನು ಕೇಳಿದಳು.

ಬಾಗಿಲಿಗೊರಗಿ ತೂಕಡಿಸುತ್ತಿದ್ದ ಅವನು ಕಣ್ಣು ಬಿಟ್ಟು ಆ ಜಪಾನಿ ಅಕ್ಷರಗಳನ್ನು ಗಂಭೀರವಾಗಿ ನೋಡಿದ. ಅಭ್ಯಾಸಬಲ.

"ಇನ್ನೇನಮ್ಮಾ? ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ ಅಂತಾನೆ."

ದೊಡ್ಡಮ್ಮ ತಲೆಯಾಡಿಸಿ, ಹುಡುಗನನ್ನು ದೋಣಿ ಹತ್ತಿಸಿದಳು.