ಕಂಬಕ್ಕೆ ಹಚ್ಚಿದ ವಿಭೂತಿ

ಚಿತ್ತಾಪುರ ದಾಟಿ ಸೇಡಂ ಕಡೆಗೆ ಹೋಗುವ ಹಳೆಯ ರೈಲು ದಾರಿಯಲ್ಲಿ ನಮ್ಮೂರಿನದು ಒಂದು ಪುಟ್ಟ ನಿಲ್ದಾಣ. ನಿಲ್ದಾಣವೆಂದರೆ ಒಂದು ಬೇವಿನ ಮರ, ಶಹಾಬಾದ್ ಕಲ್ಲಿನ ಬೆಂಚು, ಅಷ್ಟೇ. ಬೆಳಗಿನ ಪ್ಯಾಸೆಂಜರ್ ಗಾಡಿ ಅಲ್ಲಿ ಉಸಿರು ಬಿಡುವಷ್ಟು ಹೊತ್ತು ನಿಲ್ಲುತ್ತಿತ್ತು. ತಡವಾದವರು ತೊಗರಿ ಹೊಲದಿಂದಲೇ ಕೈ ಎತ್ತಿದರೆ ಸಾಕು, ನೋಡಿದೆ ಎಂಬಂತೆ ಡ್ರೈವರು ಸಣ್ಣದೊಂದು ಸೀಟಿ ಹೊಡೆದು ಕಾಯುತ್ತಿದ್ದ. ನಾನು ಸೇಡಂ ಕಾಲೇಜಿಗೆ ಹೋದದ್ದು ಆ ಗಾಡಿಯ ಪುಣ್ಯದಿಂದ. 'ಗಾಡಿ ಇರೋತನಕ ಓದು' ಎಂದು ಅಪ್ಪ ಮೊದಲೇ ಷರತ್ತು ಹಾಕಿದ್ದ.

ಆಮೇಲೆ ಹಳಿಯ ಮೇಲೆ ಕರೆಂಟಿನ ತಂತಿ ಎಳೆಯುವವರು ಬಂದರು. ಕರೆಂಟ್ ಗಾಡಿ ಶುರುವಾದರೆ ಇನ್ನಷ್ಟು ಗಾಡಿ ನಿಲ್ಲುತ್ತವೆ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಊರಿಗೆ ಊರೇ ನಂಬಿತು. ಅವ್ವ ಆ ಕೆಲಸಗಾರರಿಗೆ ಬೇಸಿಗೆಯುದ್ದಕ್ಕೂ ರೊಟ್ಟಿ, ಪುಂಡಿಪಲ್ಯ ಹೊತ್ತು ಕೊಟ್ಟಳು. ನೆಟ್ಟ ಕಂಬಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಮೊದಲ ಕರೆಂಟ್ ಗಾಡಿ ಬಂದ ದಿನ ಆರತಿ ಹಿಡಿದು ನಿಂತಳು. ಗಾಡಿ ನಿಲ್ಲಲಿಲ್ಲ, ಅದರ ಗಾಳಿಗೆ ಆರತಿ ಆರಿಹೋಯಿತು. ಸ್ವಲ್ಪ ದಿನಕ್ಕೆ ನಮ್ಮ ಪ್ಯಾಸೆಂಜರಿನ ಹೆಸರು ಬದಲಾಯಿತು, ವೇಗ ಹೆಚ್ಚಿತು, ಸಣ್ಣ ಊರುಗಳ ನಿಲುಗಡೆ ಹೋಯಿತು. ನಮ್ಮನ್ನು ಹೂಳುವ ಗುಂಡಿಗೆ ನಾವೇ ಪೂಜೆ ಮಾಡಿದ್ದೆವು.

'ಟಂಟಂ ಆಟೋದಾಗ ಗಂಡಸರ ಜೋಡಿ ಒತ್ಗೊಂಡು ಹೋಗೂದು ಬ್ಯಾಡ. ಸಾಕ್ ಮಾಡು' ಎಂದ ಅಪ್ಪ. ಡಿಗ್ರಿಗೆ ಒಂದೇ ವರ್ಷ ಬಾಕಿ ಇತ್ತು. ಅತ್ತು ಕರೆದು ರಂಪ ಮಾಡಿದೆ, ಊಟ ಬಿಟ್ಟೆ. ಊರಿಗೆಲ್ಲ ಗಾಡಿಯ ಮಹಿಮೆ ಹೇಳುತ್ತಿದ್ದ ಅವ್ವ ಅಪ್ಪನ ಮುಂದೆ ತುಟಿ ಪಿಟಕ್ಕೆನ್ನದೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಚಿಂಚೋಳಿ ಕಡೆಯಿಂದ ನನ್ನನ್ನು ನೋಡಲು ಬಂದವರು 'ಸ್ಟೇಷನ್ ಇರೋ ಊರಿನ ಹುಡುಗಿ, ಭಾಳ ಛಲೋ' ಎಂದು ಮೆಚ್ಚಿದರು. ಅವರ ಊರಿಗೆ ರೈಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಮೊನ್ನೆ ತವರಿಗೆ ಹೋದಾಗ ಹಳಿಯ ಪಕ್ಕದ ಹೊಲದಲ್ಲಿ ಅವ್ವನ ಜೊತೆ ನಿಂತಿದ್ದೆ. ಗಾಡಿ ಬಂತು. ಹಳೆಯ ರೂಢಿಯಂತೆ ಅವ್ವ ಕೈ ಎತ್ತಿದಳು. ಡ್ರೈವರು ಉದ್ದಕ್ಕೆ ಹಾರ್ನ್ ಹೊಡೆಯುತ್ತ ಹೋದ.

'ನೋಡಿದೇನ, ಇನ್ನೂ ಗುರ್ತ ಹಿಡೀತಾನ' ಎಂದು ನಕ್ಕಳು.

'ಗುರ್ತ ಅಲ್ಲಬೇ. ದೂರ ಸರಿ ಅನ್ಲಿಕತ್ತಾನ' ಎಂದೆ.

ಅವಳ ನಗು ಅಲ್ಲೇ ನಿಂತಿತು. ನನಗೆ ಬೇಕಿದ್ದದ್ದೂ ಅದೇ.