ನೆರಿಗೆಯೋ ಸುರುಕೋ

ಮೊನ್ನೆ ಬಂಟ್ವಾಳದ ಮನೆಯಲ್ಲಿ ಹಳೆಯ ಕಿಟಕಿ ಪರದೆಯೊಂದರ ಹೊಲಿಗೆ ಬಿಚ್ಚುತ್ತಿದ್ದೆ. ದಿಂಬಿನ ಚೀಲಕ್ಕಾಗುತ್ತದೆ ಎಂದು ಹೆಂಡತಿ ಒಪ್ಪಿಸಿದ ಕೆಲಸ. ಬಿಸಿಲು ತಿಂದು ಪರದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನೆರಿಗೆ ಬಿಡಿಸಿದಾಗ ಮಾತ್ರ ಮಡಿಕೆಯೊಳಗೆ ಅವಿತಿದ್ದ ಬಟ್ಟೆ ಕಡುಗೆಂಪಾಗಿ, ಉದ್ದುದ್ದ ಪಟ್ಟಿಗಳಾಗಿ ತೆರೆದುಕೊಂಡಿತು. ಕತ್ತರಿ ಕೆಳಗಿಟ್ಟೆ...

ಶಿರ್ತಾಡಿಯಲ್ಲಿ ನಮ್ಮ ಪಕ್ಕದ ಮನೆಯ ಮಾಮಿ ಬಟ್ಟೆ ಹೊಲಿಯುತ್ತಿದ್ದರು. ಅವರ ಒಬ್ಬಳೇ ಮಗಳು ನನ್ನ ಆಟದ ಜೊತೆಗಾತಿ. ಅವಳು ಮೂಡುಬಿದಿರೆ ಬಸ್ಸಿನ ಡ್ರೈವರ್. ನಾನು ಅವಳ ಕೆಂಪು ಲಂಗವನ್ನು ಹಿಂದಿನಿಂದ ಹಿಡಿದು ಓಡುವ ಕಂಡಕ್ಟರ್. ಎರಡನೇ ಕ್ಲಾಸಿನ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಆ ಲಂಗದಲ್ಲೇ ಮಣ್ಣು ಮಾಡಿದರಂತೆ. ಅವಳದೊಂದು ಫೋಟೋ ಕೂಡ ಇರಲಿಲ್ಲ.

ನಾನು ಎಂ.ಎ. ಓದುತ್ತಿದ್ದಾಗ ಅವಳ ಮದುವೆ ನಿಶ್ಚಯವಾಯಿತು. ಮದುವೆಯಾಗದೆ ಸತ್ತವರಿಗೂ ನಮ್ಮ ಕಡೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮದುವೆ ಮಾಡಿಸುತ್ತಾರೆ. ಗುರುವಾಯನಕೆರೆಯ ಕಡೆಯ ಒಂದು ಮನೆಯಲ್ಲಿ ಹಾಗೆಯೇ ಎಳವೆಯಲ್ಲಿ ತೀರಿಕೊಂಡಿದ್ದ ಹುಡುಗನ ಸಂಬಂಧ ಕೂಡಿ ಬಂದಿತ್ತು. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ.

ಹುಡುಗಿ ಈಗ ಬೆಳೆದಿರುತ್ತಾಳೆ, ಮದುಮಗಳ ಬದಲಿಗೆ ಮಣೆಯ ಮೇಲೆ ಸೀರೆ ಇಟ್ಟರೆ ಸಾಕು ಎಂದರು ಹಿರಿಯರು. ಮಾಮಿ ಒಪ್ಪಲಿಲ್ಲ. ಸೀರೆಯ ಜೊತೆ ಆ ಲಂಗವೂ ಬೇಕು, ಅಂಥದ್ದೇ ಬೇಕು.

“ಸೀರೆ ಉಟ್ಟ ಮಗಳನ್ನು ನಾನು ನೋಡಿಯೇ ಇಲ್ಲ. ನಾಳೆ ನಾನೂ ಆ ಕಡೆ ಹೋದಾಗ ಗುರುತು ಹಿಡಿಯುವುದು ಹೇಗೆ?”

ಅದೇ ಬಣ್ಣದ ಬಟ್ಟೆ ಸಿಕ್ಕಿತು. ಆದರೆ ಸೊಂಟದ ಹತ್ತಿರ ಮಡಿಸಿ ನೆರಿಗೆ ಹಾಕಿದ್ದೋ, ದಾರ ಎಳೆದು ಸುರುಕು ಹಿಡಿಸಿದ್ದೋ ಎಂಬುದು ಹೊಲಿದ ಕೈಗೇ ಮರೆತುಹೋಗಿತ್ತು. ಆಮೇಲೆ ಊರಿನ ಮಕ್ಕಳಿಗೆಲ್ಲ ಎರಡೂ ಬಗೆಯ ಲಂಗ ಹೊಲಿದು ಹೊಲಿದು, ಮಗಳದ್ದು ಎಲ್ಲದರ ಅಡಿಗೆ ಬಿದ್ದಿತ್ತು.

ರಜೆಗೆ ಬಂದ ನನ್ನನ್ನು ಕರೆದರು. ಎರಡು ತುಂಡು ಬಟ್ಟೆಯನ್ನು ಎರಡು ಬಗೆಯಲ್ಲಿ ಹೊಲಿದು ಇಟ್ಟಿದ್ದರು.

“ಕಣ್ಣು ಮುಚ್ಚು ಮಗ. ನೀನು ಅವಳ ಹಿಂದೆ ಓಡ್ತಾ ಇದ್ದಿ ಅಂತ ಎಣಿಸು. ಕೈಯಲ್ಲಿ ಯಾವುದು ಉಂಟು?”

ಹಿಡಿದೆ. ಏನೂ ಹೊಳೆಯಲಿಲ್ಲ. ಬಟ್ಟೆ ಧಾರಾಳ ಇದ್ದಿದ್ದರೆ ನೆರಿಗೆ ಹಾಕಿರಬಹುದು, ಕಡಿಮೆ ಬಿದ್ದಿದ್ದರೆ ಸುರುಕು, ಎಂದು ತರ್ಕ ಹೂಡಿದೆ.

“ಅದು ನನಗೂ ಗೊತ್ತುಂಟು. ನಿನ್ನ ಕೈ ಏನು ಹೇಳ್ತದೆ?”

“ನೆನಪಾಗುವುದಿಲ್ಲ ಮಾಮಿ.”

“ಅಷ್ಟೆಲ್ಲ ಪರೀಕ್ಷೆ ಪಾಸಾದದ್ದು ಹೇಗೆ ಮಾರಾಯ ನೀನು?” ಎಂದು ನಕ್ಕರು. ನಗುತ್ತಿದ್ದ ಹಾಗೆಯೇ ಮುಖ ಮುದುಡಿತು. ಮರುದಿನ ಮತ್ತೆ ಕರೆದರು. ಮದುವೆಯ ಬೆಳಗಿನವರೆಗೂ ಕರೆಯುತ್ತಲೇ ಇದ್ದರು. ನಾನು ಕಣ್ಣು ಮುಚ್ಚುತ್ತಿದ್ದೆ, ಹಿಡಿಯುತ್ತಿದ್ದೆ, ತಲೆಯಾಡಿಸುತ್ತಿದ್ದೆ...

ಕೊನೆಗೆ ಅವರು ಒಂದೇ ಲಂಗಕ್ಕೆ ಮುಂದೆ ನೆರಿಗೆ, ಹಿಂದೆ ಸುರುಕು ಹಾಕಿ ಹೊಲಿದಿದ್ದರು. ಮಣೆಯ ಮೇಲೆ ಇಟ್ಟ ಮೇಲೂ ಸುಮ್ಮನಿರಲಾಗಲಿಲ್ಲ ಅವರಿಗೆ. ನೆರಿಗೆಯ ಬದಿ ಮೇಲೆ ಮಾಡಿದರು, ಮಗುಚಿ ಸುರುಕಿನ ಬದಿ ಮೇಲೆ ಮಾಡಿದರು, ಮತ್ತೆ ಮಗುಚಿದರು. ಹೊತ್ತಾಗುತ್ತದೆ ಎಂದು ಯಾರೋ ಅವರ ಕೈ ಹಿಡಿದು ಪಕ್ಕಕ್ಕೆ ಕೂರಿಸಬೇಕಾಯಿತು. ಆಗ ಯಾವ ಬದಿ ಮೇಲಿತ್ತು? ಅದೂ ನನಗೆ ನೆನಪಿಲ್ಲ.

ಈಗ ಈ ಪರದೆ. ಜಗಲಿಯಲ್ಲಿ ಲಂಗ ಹರಡಿ ಕೂತ ಹುಡುಗಿ ಕಾಣುತ್ತಾಳೆ. ಮಾಸಿದ ಕೆಂಪಿನ ನಡುವೆ ಹೀಗೆಯೇ ನೆಟ್ಟಗೆ ಕಡುಗೆಂಪು ಪಟ್ಟಿಗಳು. ಸುರುಕಿನಲ್ಲಿ ಇಷ್ಟು ನೆಟ್ಟಗಿನ ಗೆರೆ ಬರಲಾರದು. ಅಥವಾ ಇದು ಎದುರಿಗಿರುವ ಪರದೆಯನ್ನೇ ನಾನು ಅವಳಿಗೆ ಉಡಿಸುತ್ತಿರುವುದೋ... ಮಾಮಿ ಹೋಗಿ ವರ್ಷಗಳಾದವು. ಅಲ್ಲಿ ಗುರುತು ಸಿಕ್ಕಿತೇ ಎಂದು ಕೇಳಲು ನಂಬದವನಿಗೆ ಹಕ್ಕೂ ಇಲ್ಲ.

ಆದರೂ ಕಣ್ಣು ಮುಚ್ಚಿ ಪರದೆಯನ್ನು ಮುಷ್ಟಿಯಲ್ಲಿ ಹಿಡಿದೆ.

“ನೆರಿಗೆ, ಮಾಮಿ.”

ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಹೆಂಡತಿ ಒಳಗಿನಿಂದ ಕೇಳಿದಳು.